ಈ ಸಲ ಬಂದಾಗ ಮನೆಯ ನೆಟ್ ಸರಿಮಾಡಿ ಹೋಗಿ

ಬೆಂಗಳೂರು, ಪುಣೆ, ಹೈದರಾಬಾದ್ ಮತ್ತು ಕಡಲಾಚೆಯ ಊರುಗಳಲ್ಲಿ ನೆಲೆಸಿರುವ ಮಲೆನಾಡಿನ ಮನೆಮಕ್ಕಳಿಗೆ,



ದೀಪಾವಳಿಗೆ ನಿಮ್ಮಲ್ಲಿ ಬಹಳ ಜನ ಊರಿಗೆ ಬರುತ್ತೀರಿ. ಬಂದಾಗ ಅರ್ಧ ದಿನ ಬಿಡುವು ಮಾಡಿಕೊಂಡು, ಮನೆಯ ಇಂಟರ್‌ನೆಟ್ ಯಾಕೆ ಹೋಗಿ ಬಂದು ಮಾಡುತ್ತಿದೆ ಎಂದು ನೀವೇ ಕೂತು ಹುಡುಕಿ, ಸರಿಮಾಡಿ ಹೋಗಬೇಕು. ಇಷ್ಟನ್ನು ಕೇಳಿಕೊಳ್ಳಲು ಈ ಪತ್ರ.

ನಾನು ಸಾಗರದ ಕಡೆ ಕಂಪ್ಯೂಟರ್ ರಿಪೇರಿ ಮಾಡುವವನು. ನಿಮ್ಮ ಅಪ್ಪ ಅಮ್ಮಂದಿರ ಮನೆಗಳಿಗೆ ಹೋಗುತ್ತೇನೆ, ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತೇನೆ, ಮೇಜಿನ ಕೆಳಗೆ ತೂರಿ ವೈರುಗಳನ್ನು ನೋಡುತ್ತೇನೆ. ನೆಟ್ ಸರಿಯಿಲ್ಲ ಎಂದು ಅವರು ನನಗೆ ಹೇಳುವಷ್ಟು ನಿಮಗೆ ಹೇಳುವುದಿಲ್ಲ. ‘ಮಗನಿಗೆ ಕೆಲಸ ಜಾಸ್ತಿ, ಇದನ್ನೆಲ್ಲ ಹೇಳಿ ತಲೆ ಯಾಕೆ ತಿನ್ನೋದು’ ಎನ್ನುತ್ತಾರೆ. ಅದಕ್ಕೇ ನಾನು ಹೇಳುತ್ತಿದ್ದೇನೆ.

2020ರಲ್ಲಿ ಲಾಕ್‌ಡೌನ್ ಆದಾಗ ನೀವು ಊರಿಗೆ ಬಂದಿರಿ. ಆಗ ಎಷ್ಟೋ ಮನೆಗಳಿಗೆ ಮೊದಲ ಬಾರಿ ಫೈಬರ್ ಲೈನ್ ಬಂತು. ನಿಮ್ಮ ಆಫೀಸಿನ ಕೆಲಸಕ್ಕಾಗಿ ಓಡಾಡಿ ಹಾಕಿಸಿದಿರಿ, ಮೆತ್ತಿನ ಮೇಲೆ ಮೇಜು ಹಾಕಿಕೊಂಡು ಕೂತಿರಿ. ಆಮೇಲೆ ಆಫೀಸುಗಳು ಕರೆದವು, ಹೊರಟಿರಿ. ಲೈನು ಹಾಗೇ ಉಳಿಯಿತು, ಕಂಪ್ಯೂಟರೂ ಉಳಿಯಿತು. ಈಗ ಅವೆರಡನ್ನೂ ನಂಬಿಕೊಂಡಿರುವವರು ನಿಮ್ಮ ಹೆತ್ತವರು. ಅಡಿಕೆ ಧಾರಣೆ ನೋಡುವುದು ಅದರಲ್ಲಿ, ಪಹಣಿ ತೆಗೆಯುವುದು ಅದರಲ್ಲಿ, ಶಿವಮೊಗ್ಗದ ಆಸ್ಪತ್ರೆಯ ರಿಪೋರ್ಟ್ ಬರುವುದು ಅದರಲ್ಲಿ. ನವೆಂಬರ್ ಬಂತೆಂದರೆ ನಿವೃತ್ತರು ಲೈಫ್ ಸರ್ಟಿಫಿಕೇಟ್ ಕೊಡಬೇಕು. 2014ರಲ್ಲಿ ಜೀವನ್ ಪ್ರಮಾಣ್ ಶುರುವಾದ ಮೇಲೆ ಅದನ್ನೂ ಆನ್‌ಲೈನಿನಲ್ಲಿ ಕೊಡಬಹುದು. ನೆಟ್ ಕೈಕೊಟ್ಟರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಎಪ್ಪತ್ತು ದಾಟಿದ ಮಂಡಿಗಳಿಗೆ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂದು ನಿಮಗೂ ಗೊತ್ತು.

ಫೋನಿನಲ್ಲಿ ನೀವು ಹೇಳುವ ಉಪಾಯ ಒಂದೇ: ಆಫ್ ಮಾಡಿ ಆನ್ ಮಾಡಿ. ಅದು ತಪ್ಪು ಸಲಹೆ ಅಲ್ಲ, ಎಷ್ಟೋ ಸಲ ಕೆಲಸವೂ ಮಾಡುತ್ತದೆ. ಆದರೆ ದಿನಾ ಆಫ್ ಮಾಡಿ ಆನ್ ಮಾಡಬೇಕಾಗಿ ಬಂದಿದೆ ಎಂದರೆ ಒಳಗೆ ಏನೋ ಕೆಟ್ಟಿದೆ, ನಾವು ಅದನ್ನು ಮುಚ್ಚಿಡುತ್ತಿದ್ದೇವೆ ಅಷ್ಟೆ. ಇನ್ನೊಂದು ಅಪಾಯ ಇದೆ. ಅವಸರದಲ್ಲಿ ‘ರೀಸ್ಟಾರ್ಟ್’ ಎನ್ನುವ ಬದಲು ‘ರೀಸೆಟ್ ಮಾಡಿ’ ಎಂದುಬಿಡುತ್ತೀರಿ. ಅಪ್ಪ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಒತ್ತಿ ಹಿಡಿಯುತ್ತಾರೆ. ಲೈನಿನ ಯೂಸರ್‌ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಕಂಪನಿಯವರು ಬಂದು ಮತ್ತೆ ತುಂಬುವವರೆಗೆ ಅರೆಬರೆ ಬರುತ್ತಿದ್ದ ನೆಟ್ಟೂ ಇಲ್ಲ. ದಯವಿಟ್ಟು ಆ ಮಾತನ್ನು ಫೋನಿನಲ್ಲಿ ಆಡಬೇಡಿ.

ತೋಟದ ಸ್ಪ್ರಿಂಕ್ಲರಿಗೆ ನೀರು ಬಾರದಿದ್ದರೆ ನಿಮ್ಮ ಅಪ್ಪ ಏನು ಮಾಡುತ್ತಾರೆ ಎಂದು ನೋಡಿ ಬೆಳೆದವರು ನೀವು. ಇಡೀ ಪೈಪ್‌ಲೈನ್ ಅಗೆಯುವುದಿಲ್ಲ. ಪಂಪ್‌ಸೆಟ್ ಹತ್ತಿರ ನೀರಿದೆಯೇ, ಮೊದಲ ವಾಲ್ವ್ ದಾಟಿದೆಯೇ, ಮುಂದಿನ ಜಾಯಿಂಟಿನಲ್ಲಿ ಇದೆಯೇ ಎಂದು ಒಂದೊಂದೇ ನೋಡುತ್ತ ಹೋಗುತ್ತಾರೆ. ನೆಟ್ಟಿಗೂ ಮಾಡಬೇಕಾದ್ದು ಅಷ್ಟೇ. ತೊಂದರೆ ಹೊರಗಿನ ಲೈನಿನಲ್ಲಿದೆಯೋ, ಗೋಡೆಯ ಮೇಲಿನ ಪೆಟ್ಟಿಗೆಯಲ್ಲೋ, ಪೆಟ್ಟಿಗೆಯಿಂದ ಕಂಪ್ಯೂಟರಿನವರೆಗಿನ ದಾರಿಯಲ್ಲೋ, ಕಂಪ್ಯೂಟರಿನಲ್ಲೇ ಇದೆಯೋ?

ಮೊದಲು ಆ ಪೆಟ್ಟಿಗೆಯ ದೀಪಗಳನ್ನು ನೋಡಿ. ಕೆಲವರು ಅದನ್ನು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್, ಲೈನ್‌ಮನ್‌ಗಳು ಓಎನ್‌ಟಿ. ನಾನು ಮೋಡೆಮ್ ಎಂದೇ ಬರೆಯುತ್ತೇನೆ. ಅದರಲ್ಲಿ ಪಿಓಎನ್ ಎಂಬ ದೀಪ ಹಸಿರಾಗಿ, ಮಿನುಗದೆ ಉರಿಯುತ್ತಿರಬೇಕು. ಎಲ್‌ಓಎಸ್ ಎಂಬುದು ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ ಎಂದು ಅರ್ಥ. ಆಗ ಕಂಪ್ಯೂಟರ್ ಮುಟ್ಟಿ ಪ್ರಯೋಜನವಿಲ್ಲ, ವಿಂಡೋಸ್ ಮತ್ತೆ ಹಾಕಿಸಿ ಪ್ರಯೋಜನವಿಲ್ಲ. ನೆಟ್ಟಿಗಾಗಿ ವಿಂಡೋಸ್ ಬದಲಾಯಿಸಿ ಎಂದು ಕಂಪ್ಯೂಟರನ್ನು ಹೊತ್ತು ತಂದವರನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಆ ಕೆಂಪು ದೀಪ ಮಿನುಗುತ್ತಲೇ ಇತ್ತು. ಎರಡು ದೀಪವೂ ಸರಿಯಿದ್ದು ಇಂಟರ್‌ನೆಟ್ ಎಂಬ ದೀಪ ಮಾತ್ರ ಆರಿದ್ದರೆ ರೀಚಾರ್ಜ್ ಮುಗಿದಿರಬಹುದು, ಇಲ್ಲವೇ ಕಂಪನಿಯ ಕಡೆ ಲಾಗಿನ್ ತೊಂದರೆ.

ಫೈಬರಿನ ವಿಷಯದಲ್ಲಿ ನಾನು ಕಂಡ ಒಂದು ಮನೆಯ ಕಥೆ ಹೇಳಬೇಕು. ಅಲ್ಲಿ ದಿನಾ ಸಂಜೆ ನೆಟ್ ಹೋಗುತ್ತಿತ್ತು, ಬೆಳಿಗ್ಗೆ ಬರುತ್ತಿತ್ತು. ಸಂಜೆ ಎಲ್ಲರೂ ಒಟ್ಟಿಗೆ ಬಳಸುತ್ತಾರೆ, ಲೋಡ್ ಜಾಸ್ತಿ ಎಂದು ಕಂಪನಿಯವರು ಹೇಳಿದ್ದರು. ಮಗನೂ ಬೆಂಗಳೂರಿನಿಂದ ಅದನ್ನೇ ಹೇಳಿದ್ದ. ಆ ಮನೆಯ ಅಮ್ಮ ಮಾತ್ರ ಒಪ್ಪಿರಲಿಲ್ಲ. ‘ತಮಾ, ಲೋಡ್ ಆದ್ರೆ ನಿಧಾನ ಆಗವು. ಇದು ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಹೋಗ್ತು’ ಎಂದರು. ಅವರ ಮಾತು ಹಿಡಿದು ಆ ಹೊತ್ತಿಗೇ ಹೋಗಿ ಕೂತೆ. ಸೊಳ್ಳೆ ಬರುತ್ತದೆ ಎಂದು ಅವರು ಜಗುಲಿಯ ಕಿಟಕಿ ಮುಚ್ಚಿ ಚಿಲಕ ಹಾಕಿದರು. ಎಲ್‌ಓಎಸ್ ಕೆಂಪಾಯಿತು. ಕಂಬದಿಂದ ಬಂದ ಕಪ್ಪು ಕೇಬಲ್ಲನ್ನು ಗೋಡೆಗೆ ತೂತು ಹೊಡೆಯುವ ಬದಲು ಕಿಟಕಿಯ ಸಂದಿಯಲ್ಲಿ ಎಳೆದಿದ್ದರು. ಕಿಟಕಿಯ ಬಾಗಿಲು ಮುಚ್ಚಿದರೆ ಚೌಕಟ್ಟಿನ ಮೂಲೆಯಲ್ಲಿ ಅದು ಮಡಚುತ್ತಿತ್ತು. ಒಳಗಿರುವ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ಭಾಗ ಕೇವಲ 9 ಮೈಕ್ರಾನ್ ದಪ್ಪ, ಕೂದಲಿಗಿಂತ ಎಷ್ಟೋ ಸಣ್ಣದು. ಮುರಿಯಬೇಕೆಂದಿಲ್ಲ, ಬಿಗಿಯಾಗಿ ಬಾಗಿದರೂ ಬೆಳಕು ಅಲ್ಲೇ ಹೊರಕ್ಕೆ ಸೋರಿಹೋಗುತ್ತದೆ. ಬ್ರೌಸರಿನಲ್ಲಿ ತೆರೆಯುವ ಮೋಡೆಮಿನ ಸೆಟ್ಟಿಂಗ್ ಪುಟದಲ್ಲಿ, ಬರುವ ಬೆಳಕಿನ ಅಳತೆಯನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತಾರೆ. ಕಿಟಕಿ ತೆರೆದಾಗ ಅದು ಮೈನಸ್ 22 ಇತ್ತು. ಮುಚ್ಚಿದಾಗ ಮೈನಸ್ 27 ದಾಟಿ ಸಂಪರ್ಕವೇ ಕಡಿಯುತ್ತಿತ್ತು. ಈ ಲೆಕ್ಕದಲ್ಲಿ 3 ಇಳಿದರೆ ಬೆಳಕು ಅರ್ಧವಾದಂತೆ. ಲೈನ್‌ಮನ್ ಬಂದು ಗೋಡೆಯಲ್ಲಿ ತೂತು ಕೊರೆದು ಕೇಬಲ್ ಒಳಗೆಳೆದ ಮೇಲೆ ಸಂಜೆಯ ತೊಂದರೆ ನಿಂತಿತು.

ಆ ಅಮ್ಮನಿಗೆ ಡಿಬಿಎಂ ಗೊತ್ತಿರಲಿಲ್ಲ, ಹೊತ್ತು ಗೊತ್ತಿತ್ತು. ಹಾಗಾಗಿ ನನ್ನ ಮೊದಲ ವಿನಂತಿ: ಮನೆಗೆ ಬಂದ ಕೂಡಲೇ ಸ್ಪೀಡ್ ಟೆಸ್ಟ್ ಮಾಡಿ ತೀರ್ಪು ಕೊಡಬೇಡಿ. ಯಾವಾಗ ಹೋಗುತ್ತದೆ, ಮಳೆ ಬಂದಾಗಲೋ, ಗಾಳಿಗೋ, ಕರೆಂಟು ಹೋಗಿ ಬಂದ ಮೇಲೋ, ಮಿಕ್ಸಿ ಹಾಕಿದಾಗಲೋ ಎಂದು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೇಳಿ. ಅವರು ಇಡೀ ದಿನ ಅದರ ಜೊತೆ ಇರುವವರು. ನಂತರ ಕೇಬಲ್ಲಿನ ದಾರಿಯನ್ನು ಕಂಬದವರೆಗೂ ಕಣ್ಣಿನಲ್ಲಿ ಹಿಡಿದು ನಡೆಯಿರಿ. ನಮ್ಮ ಕಡೆ ಅದು ಅಡಿಕೆ ಮರಕ್ಕೆ ಕಟ್ಟಿಕೊಂಡು, ಹಲಸಿನ ಕೊಂಬೆಗೆ ತಾಗಿಕೊಂಡು ಬರುತ್ತದೆ. ಮಂಗಗಳು ಜೋತಾಡುತ್ತವೆ, ಅಳಿಲು ಕಡಿಯುತ್ತದೆ, ಗಾಳಿಗೆ ಕೊಂಬೆ ಉಜ್ಜುತ್ತದೆ. ಗಾಳಿ ಬಂದಾಗ ಮಾತ್ರ ನೆಟ್ ಹೋಗುವ ಮನೆಗಳಲ್ಲಿ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ. ಕೊಂಬೆ ಕಡಿಸುವುದು ನಿಮ್ಮ ಕೈಲಾಗುವ ಕೆಲಸ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡುವುದು ಮಾತ್ರ ಬೇಡ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದ ಲೇಸರ್.

ದೀಪಗಳು ಸರಿಯಿವೆ, ಆದರೂ ಕಂಪ್ಯೂಟರಿನಲ್ಲಿ ಏನೂ ತೆರೆಯುತ್ತಿಲ್ಲ ಎನ್ನಿ. ಅದೇ ವೈಫೈಗೆ ಮೊಬೈಲ್ ಸೇರಿಸಿ, ಸಿಮ್ಮಿನ ಡೇಟಾ ಆಫ್ ಮಾಡಿ ನೋಡಿ. ಮೊಬೈಲಿನಲ್ಲಿ ಬಂದರೆ ಲೈನಿನ ತಪ್ಪೇನೂ ಇಲ್ಲ. ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಲೈನ್‌ಮನ್ ಬಂದು ಬಂದು ಸಾಕಾಗಿದ್ದರು, ಮೋಡೆಮ್ ಕೂಡ ಬದಲಾಯಿಸಿದ್ದರು. ಕಂಪ್ಯೂಟರ್ ತೆರೆದು ನೋಡಿದರೆ ಬ್ಯಾಂಕಿನ ಪುಟ, ಪೆನ್ಷನ್ ಪುಟ ಯಾವುದೂ ಬರುವುದಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂದು ಇಂಗ್ಲಿಷಿನಲ್ಲಿ ಎಚ್ಚರಿಕೆ. ಮೂಲೆಯಲ್ಲಿ ತಾರೀಖು ನೋಡಿದೆ, ವರ್ಷಗಳಷ್ಟು ಹಿಂದಿನದು. ಸಿಡಿಲಿಗೆ ಹೆದರಿ ಅವರು ರಾತ್ರಿ ಪ್ಲಗ್ಗನ್ನೇ ತೆಗೆದಿಡುತ್ತಿದ್ದರು, ಒಳಗಿನ ಸಿಆರ್2032 ಬ್ಯಾಟರಿ ಸತ್ತಿತ್ತು. ಹಾಗಾಗಿ ಬೆಳಿಗ್ಗೆ ಎದ್ದರೆ ಗಡಿಯಾರ ಹಿಂದಕ್ಕೆ. ವೆಬ್‌ಸೈಟಿನ ಭದ್ರತಾ ಪತ್ರಕ್ಕೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಖು ಅದರ ಹೊರಗಿದ್ದರೆ ಪುಟ ತೆರೆಯಲು ಅದು ಒಪ್ಪುವುದಿಲ್ಲ. ಪಕ್ಕದ ಮನೆಯ ಹುಡುಗ ಬಂದ ದಿನ ತಾರೀಖು ತಿದ್ದಿಕೊಡುತ್ತಿದ್ದ, ಆ ದಿನ ನೆಟ್ ‘ಬರುತ್ತಿತ್ತು’. ಗುಂಡಿಯಂಥ ಒಂದು ಬ್ಯಾಟರಿ ಬದಲಾಯಿಸಿದೆ, ಕೆಲಸ ಮುಗಿಯಿತು.

ಮೊಬೈಲೂ ಕಂಪ್ಯೂಟರೂ ಎರಡೂ ಒದ್ದಾಡುತ್ತಿದ್ದರೆ ಮೋಡೆಮ್ ಎಲ್ಲಿದೆ ಎಂದು ನೋಡಿ. ನಮ್ಮ ಮನೆಗಳ ಗೋಡೆ ಜಂಬಿಟ್ಟಿಗೆಯದು, ಹಳೆಯವಾದರೆ ಮಣ್ಣಿನದು, ಒಂದೂವರೆ ಅಡಿ ದಪ್ಪ. ಲೈನ್‌ಮನ್ ಸಿಕ್ಕ ಮೊದಲ ಗೋಡೆಗೆ, ಜಗುಲಿಯಲ್ಲೇ ಪೆಟ್ಟಿಗೆ ಹೊಡೆದು ಹೋಗಿರುತ್ತಾನೆ. ಕಂಪ್ಯೂಟರ್ ಮೆತ್ತಿನ ಮೇಲೆ. ನಡುವೆ ಎರಡು ಗೋಡೆ, ಒಂದು ಗಾಡ್ರೇಜ್ ಬೀರು. ವೈಫೈಗೆ ಕಬ್ಬಿಣ, ನೀರು, ದಪ್ಪ ಗೋಡೆ ಮೂರೂ ಶತ್ರುಗಳು. 5 ಗಿಗಾಹರ್ಟ್ಸ್‌ನ ವೈಫೈ ವೇಗವಾಗಿದ್ದರೂ ಗೋಡೆ ದಾಟುವುದರಲ್ಲಿ ದುರ್ಬಲ. 2.4 ದೂರ ಹೋಗುತ್ತದೆ, ಆದರೆ ಮೈಕ್ರೋವೇವ್ ಒಲೆಯೂ ಅದೇ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಅಡಿಗೆಮನೆಯ ಪಕ್ಕ ಇಟ್ಟರೆ ತೊಂದರೆ. ಸಿಪಿಯು ಡಬ್ಬದ ಬೆನ್ನಿಗೆ ಸಿಕ್ಕಿಸಿದ ಪುಟ್ಟ ವೈಫೈ ಡಾಂಗಲ್‌ನ ಕಥೆಯಂತೂ ಇನ್ನೂ ಕಷ್ಟ. ಕಬ್ಬಿಣದ ಡಬ್ಬ ಮುಂದೆ, ಗೋಡೆ ಹಿಂದೆ, ಪಕ್ಕದಲ್ಲಿ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು ಇದ್ದರೆ ಅದರಿಂದಲೂ 2.4ಕ್ಕೆ ಅಡ್ಡಿ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲ್ಲನ್ನು ಮೇಜಿನ ಮೇಲಕ್ಕೆ ತಂದರೆ ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಸರಿಯಾಗುತ್ತದೆ.

ನನ್ನ ಮನಸ್ಸಿನ ಮಾತು ಕೇಳಿದರೆ, ಮನೆಯಲ್ಲೇ ಇರುವ ಕಂಪ್ಯೂಟರಿಗೆ ವೈಫೈ ಬೇಡವೇ ಬೇಡ. ಕ್ಯಾಟ್ 6 ವೈರು ತನ್ನಿ. 100 ಮೀಟರಿನವರೆಗೂ ಅದು ನಂಬಿಕೆಯಿಂದ ಕೆಲಸ ಮಾಡುತ್ತದೆ. ನಮ್ಮ ಎಷ್ಟು ದೊಡ್ಡ ಮನೆಗೂ ಅಷ್ಟು ಬೇಕಾಗದು. ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಎಳೆಯಿರಿ, ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಬೇಡ. ಹಳೆಯ ವೈರಿದ್ದರೆ ಅದರ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆಯೇ ನೋಡಿ. ಕ್ಲಿಪ್ ಮುರಿದ ವೈರು ಗುಡಿಸುವಾಗ ಪೊರಕೆ ತಾಗಿದರೂ ಸಡಿಲಾಗುತ್ತದೆ. ‘ಕಸ ಗುಡಿಸಿದ ಮೇಲೆ ನೆಟ್ ಇಲ್ಲ’ ಎಂದು ನಿಮ್ಮ ಅಮ್ಮ ಹೇಳಿದರೆ ನಗಬೇಡಿ, ಆ ವೈರನ್ನು ನೋಡಿ.

ತಂತ್ರಜ್ಞಾನದ ಕೆಲಸದಲ್ಲಿರುವ ನಿಮಗೆ ಪಿಂಗ್ ಗೊತ್ತಿರುತ್ತದೆ, ಆದರೂ ಮನೆಯಲ್ಲಿ ಅದನ್ನು ಹಾಕಿ ನೋಡಿದವರು ಕಡಿಮೆ. ಕಪ್ಪು ಪರದೆ ಎರಡು ತೆರೆಯಿರಿ. ಒಂದರಲ್ಲಿ ಮೋಡೆಮಿನ ವಿಳಾಸಕ್ಕೆ ಪಿಂಗ್ ಕೊಡಿ, ಅದು 192.168.1.1 ಇರಬಹುದು, ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಇನ್ನೊಂದರಲ್ಲಿ ಹೊರಗಿನ ಇಂಟರ್‌ನೆಟ್ಟಿನ ವಿಳಾಸ 8.8.8.8ಕ್ಕೆ. ನಿಲ್ಲದೆ ಓಡಲು ಬಿಟ್ಟು ಊಟಕ್ಕೆ ಹೋಗಿ. ಬಂದು ನೋಡಿದಾಗ ಮೊದಲನೆಯದರಲ್ಲೇ ಟೈಮ್‌ಔಟ್ ಇದ್ದರೆ ತೊಂದರೆ ಮನೆಯೊಳಗೆ, ವೈಫೈ ಅಥವಾ ವೈರಿನಲ್ಲಿ. ಮೊದಲನೆಯದು ಅಚ್ಚುಕಟ್ಟಾಗಿದ್ದು ಎರಡನೆಯದು ತಪ್ಪುತ್ತಿದ್ದರೆ ತೊಂದರೆ ಮೋಡೆಮಿನ ಆಚೆ. ಎರಡೂ ಸರಿಯಿದ್ದು ವೆಬ್‌ಸೈಟಿನ ಹೆಸರು ಹೊಡೆದರೆ ಮಾತ್ರ ಬರದಿದ್ದರೆ ಡಿಎನ್‌ಎಸ್ ಬದಲಾಯಿಸಿ ನೋಡಿ. ಈ ಒಂದು ಪರೀಕ್ಷೆಯ ಫೋಟೋ ಕೈಯಲ್ಲಿದ್ದರೆ ಯಾರ ಜೊತೆಯೂ ವಾದ ಮಾಡಬೇಕಾಗಿಲ್ಲ.

ಮಳೆಗಾಲದಲ್ಲಿ ನಮ್ಮ ಕರೆಂಟಿನ ಅವಸ್ಥೆ ನಿಮಗೆ ಹೊಸದಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೂ ಮೋಡೆಮ್ ಆರಿ, ಮತ್ತೆ ಎದ್ದು ಲೈನ್ ಹಿಡಿಯಲು ಕೆಲವು ನಿಮಿಷ ಬೇಕು. ಮಿನಿ ಯುಪಿಎಸ್ ಎಂದು ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ, ಅದನ್ನು ತಂದು ಮೋಡೆಮಿಗೆ ಹಾಕಿಕೊಡಿ. ಕರೆಂಟ್ ಇದ್ದೂ ಮೋಡೆಮಿನ ದೀಪಗಳೆಲ್ಲ ಒಮ್ಮೆಲೇ ಆರಿ ಹೊತ್ತುತ್ತಿದ್ದರೆ ಅಡಾಪ್ಟರ್ ಮುದಿಯಾಗಿದೆ ಎಂದು ಅನುಮಾನಿಸಿ. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು. ಗುಡುಗು ಸಿಡಿಲಿನಲ್ಲಿ ಅಡಾಪ್ಟರ್ ಮತ್ತು ಕಂಪ್ಯೂಟರಿಗೆ ಹೋಗುವ ವೈರು ಎರಡನ್ನೂ ತೆಗೆಯುವುದನ್ನು ಅಪ್ಪನಿಗೆ ಮಾಡಿ ತೋರಿಸಿ. ಫೈಬರಿನ ಗಾಜು ಕರೆಂಟ್ ಹರಿಸದು, ಅದನ್ನು ಬಿಚ್ಚಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ತೊಂದರೆ ಹೊರಗೇ ಇದೆ ಎಂದು ಖಾತ್ರಿಯಾದರೆ ಲೈನ್‌ಮನ್‌ಗೆ ಫೋನ್ ಮಾಡಿ. ಕೂಗಾಡಬೇಡಿ. ಒಬ್ಬನೋ ಇಬ್ಬರೋ ಹುಡುಗರು ಎಷ್ಟೋ ಹಳ್ಳಿಗಳ ಲೈನು ನೋಡಿಕೊಳ್ಳುತ್ತಾರೆ. ಜೆಸಿಬಿ ರಸ್ತೆ ಅಗೆದರೆ, ಮರ ಬಿದ್ದರೆ, ಜಾಯಿಂಟ್ ಡಬ್ಬಕ್ಕೆ ನೀರು ಹೋದರೆ, ಜಿಗಣೆ ಕಚ್ಚಿಸಿಕೊಂಡು ಹೋಗಿ ಗಾಜಿನ ಎಳೆಗಳನ್ನು ಬೆಸೆಯುವವರು ಅವರೇ. ಅವರಿಗೆ ‘ನಿಮ್ಮ ನೆಟ್ ಸರಿಯಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ನಿನ್ನೆ ಸಂಜೆ ಆರರಿಂದ ಎಲ್‌ಓಎಸ್ ಕೆಂಪು, ಮೊದಲು ಮೈನಸ್ 22 ಇತ್ತು’ ಎಂದರೆ ಯಾವ ಸಾಮಾನು ತರಬೇಕೆಂದು ಅವರಿಗೆ ಹೊರಡುವಾಗಲೇ ಗೊತ್ತಾಗುತ್ತದೆ. ಆದರೂ ದಿನಗಟ್ಟಲೆ ಯಾರೂ ಬಾರದಿದ್ದರೆ ಕಂಪನಿಯ ಗ್ರಾಹಕ ಕೇಂದ್ರದಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರಿಗೆ ನಂಬರ್ ಕೊಡಲೇಬೇಕು, ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಈ ಓಡಾಟವನ್ನು ದೂರದಿಂದಲೇ ಮಾಡಬಹುದು, ಇದು ನೀವು ಮಾಡಬೇಕಾದ ಕೆಲಸ.

ಹೊರಡುವ ಮುನ್ನ ಒಂದು ಕಾಗದ ಬರೆದು ಮೋಡೆಮಿನ ಪಕ್ಕ ಅಂಟಿಸಿ. ಕನ್ನಡದಲ್ಲಿ, ಕನ್ನಡಕ ಹಾಕದೆಯೂ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಯಾವ ದೀಪ ಯಾವ ಬಣ್ಣ ಇದ್ದರೆ ಸರಿ, ಯಾವುದು ಕೆಂಪಾದರೆ ಯಾರಿಗೆ ಫೋನ್, ಲೈನ್‌ಮನ್ ನಂಬರ್, ಗ್ರಾಹಕ ಸಂಖ್ಯೆ, ರೀಚಾರ್ಜ್ ಮುಗಿಯುವ ತಾರೀಖು, ಎಲ್ಲ ಸರಿಯಿದ್ದ ದಿನದ ಡಿಬಿಎಂ. ವೈರುಗಳಿಗೆ ಬಣ್ಣದ ಟೇಪ್ ಸುತ್ತಿ. ನೆಟ್ ಹೋದಾಗ ದೀಪಗಳ ಫೋಟೋ ತೆಗೆದು ನಿಮಗೆ ಕಳಿಸುವುದನ್ನು ಅಪ್ಪ ಅಮ್ಮ ಇಬ್ಬರಿಗೂ ಕಲಿಸಿ. ವೈಫೈ ಹೋಗಿರುವಾಗ ಸಿಮ್ಮಿನ ಡೇಟಾ ಆನ್ ಮಾಡಿ ಕಳಿಸಬೇಕು, ಅದನ್ನೂ ಎದುರಿಗೇ ಮಾಡಿಸಿ ನೋಡಿ. ಸಿಗ್ನಲ್ ಸಿಗುವ ಜಾಗ ಅಂಗಳದ ಯಾವ ಮೂಲೆಯಲ್ಲಿದೆ ಎಂದು ಅವರಿಗೆ ಹೇಗೂ ಗೊತ್ತು.

ಅದೇ ಕಾಗದದ ಮೇಲ್ಗಡೆ ಇನ್ನೊಂದು ಸಾಲು ಕೆಂಪಿನಲ್ಲಿ ಬರೆಯಿರಿ: ನೆಟ್ ಕಂಪನಿಯಿಂದ ಎಂದು ಫೋನ್ ಮಾಡಿ ಓಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಸಿ ಪರದೆ ತೋರಿಸಿ ಎಂದರೆ, ಫೋನ್ ಇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೆಟ್ ಇಲ್ಲದೆ ಕಂಗೆಟ್ಟು ಕೂತ ವಯಸ್ಸಾದವರಿಗೆ ‘ನಿಮ್ಮ ಲೈನ್ ಸರಿಮಾಡುತ್ತೇವೆ’ ಎಂಬ ಮಾತು ಎಷ್ಟು ಹಿತವಾಗಿ ಕೇಳುತ್ತದೆ ಎಂಬುದನ್ನು ಮೋಸಗಾರರು ಚೆನ್ನಾಗಿ ಅರಿತಿದ್ದಾರೆ.

ಬೇಕಾದ ಸಾಮಾನು ಇಷ್ಟೇ: ಒಂದು ಕ್ಯಾಟ್ 6 ವೈರು, ಮಿನಿ ಯುಪಿಎಸ್, ಸಿಆರ್2032 ಬ್ಯಾಟರಿ, ಯುಎಸ್‌ಬಿ ಎಕ್ಸ್‌ಟೆನ್ಷನ್. ಬರುವಾಗಲೇ ಪಟ್ಟಣದಿಂದ ತನ್ನಿ. ಹಬ್ಬದ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ಸಿಗದೆ ಹೋಗಬಹುದು. ಎಲ್ಲಾದರೂ ತೊಡಕಾದರೆ ನನ್ನಂಥ ರಿಪೇರಿಯವರು ಪ್ರತಿ ಪೇಟೆಯಲ್ಲೂ ಇದ್ದೇವೆ, ಕರೆಯಿರಿ, ಜೊತೆಗೆ ಕೂತು ನೋಡೋಣ.

ಇತಿ,
ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಕಂಪ್ಯೂಟರ್ ರಿಪೇರಿಯವ